ಮೋಡವಿಲ್ಲದ ಸಿಡಿಲು

ಮಗ ಈ ವರ್ಷ ಪರೀಕ್ಷೆಗೇ ಕುಳಿತಿರಲಿಲ್ಲವೆಂಬ ಸಂಗತಿ ತಂದೆಗೆ ತಿಳಿದದ್ದು ಒಂದು ಭಾನುವಾರದ ಬೆಳಗ್ಗೆ, ಕಾಫಿಯ ಲೋಟ ಕೈಯಲ್ಲಿದ್ದಾಗ. ದೂರದ ಊರಿನ ವಿದ್ಯಾರ್ಥಿನಿಲಯದಿಂದ ಮಗನೇ ದೂರವಾಣಿಯಲ್ಲಿ ಹೇಳಿದ. ಅಂದು ಮನೆಗೆ ಬಂದ ನೆಂಟರಿಷ್ಟರೊಡನೆಲ್ಲ ತಂದೆ ಆಡಿದ್ದು ಒಂದೇ ಇಂಗ್ಲಿಷ್ ಮಾತು: ‘ಇಟ್ ಕೇಮ್ ಲೈಕ್ ಎ ಬೋಲ್ಟ್ ಫ್ರಮ್ ದಿ ಬ್ಲೂ.’ ಇಂಗ್ಲಿಷ್ ಬಾರದವರಿಗೆ ಅದನ್ನೇ ‘ಬರಸಿಡಿಲು ಬಡಿದಂತಾಯಿತು’ ಎಂದು ಕನ್ನಡದಲ್ಲಿ ಹೇಳಿದರು. ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ತಾಯಿ ಮಾತ್ರ ಏನೂ ಹೇಳಲಿಲ್ಲ.

ಇಂಥ ಮನೆ ಯಾವ ಊರಿನಲ್ಲಾದರೂ ಇದ್ದೀತು. ಆ ತಂದೆಯ ವಾಕ್ಯದಲ್ಲಿ ವ್ಯಾಕರಣದ ದೋಷವೇನೂ ಇಲ್ಲ. ಆದರೆ ಆ ನುಡಿಗಟ್ಟು ಅಲ್ಲಿ ಸಲ್ಲುತ್ತದೆಯೆ? ಉತ್ತರಕ್ಕೆ ಮೊದಲು ನುಡಿಗಟ್ಟಿನ ಪೂರ್ವೋತ್ತರವನ್ನು ಸ್ವಲ್ಪ ವಿಚಾರಿಸಬೇಕು.

‘ಬೋಲ್ಟ್’ ಎಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಬಾಗಿಲ ಅಗುಳಿ. ಇಲ್ಲವೆ ಯಂತ್ರಕ್ಕೆ ಹಾಕುವ ತಿರುಪು. ಇಲ್ಲಿ ಅದೆರಡೂ ಅಲ್ಲ. ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ಬಹು ಹಿಂದಿನಿಂದಲೂ ಅಡ್ಡಬಿಲ್ಲಿನಿಂದ ಹಾರಿಸುವ ಗಿಡ್ಡನೆಯ, ದಪ್ಪ ಬಾಣವೆಂಬ ಅರ್ಥ ಉಂಟು. ಸಿಡಿಲನ್ನು ಆಕಾಶದಿಂದ ಬಂದ ಬಾಣವೆಂದು ಭಾವಿಸಿದ್ದರಿಂದ ‘ಥಂಡರ್‌ಬೋಲ್ಟ್’ ಆಯಿತು. ‘ಬ್ಲೂ’ ಎಂದರೆ ಒಂದು ತುಣುಕು ಮೋಡವೂ ಇಲ್ಲದ ನೀಲಿ ಬಾನು. ಇಂಗ್ಲಿಷಿನಲ್ಲಿ ಈ ಪ್ರಯೋಗದ ಹಳೆಯ ಉದಾಹರಣೆಯಾಗಿ ವಿದ್ವಾಂಸರು ತೋರಿಸುವುದು 1837ರಲ್ಲಿ ಪ್ರಕಟವಾದ, ಥಾಮಸ್ ಕಾರ್ಲೈಲನ ಫ್ರೆಂಚ್ ಕ್ರಾಂತಿಯ ಇತಿಹಾಸವನ್ನು. ಅಲ್ಲಿ ಅದು ಬಂದಿರುವುದು, ಕ್ರಾಂತಿಯ ದಿನಗಳಲ್ಲಿ ಜನರನ್ನು ಹಠಾತ್ತನೆ ಸೆರೆಹಿಡಿಯುತ್ತಿದ್ದ ಸಂದರ್ಭದಲ್ಲಿ.

ಆದರೆ ಭಾವನೆ ಅದಕ್ಕಿಂತ ಬಹಳ ಪುರಾತನವಾದದ್ದು. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ರೋಮನ್ ಕವಿ ಲುಕ್ರೀಶಿಯಸ್ ಪ್ರಕೃತಿಯ ಸ್ವರೂಪವನ್ನು ಕುರಿತ ತನ್ನ ಕಾವ್ಯದಲ್ಲಿ ಒಂದು ಸವಾಲು ಹಾಕಿದ: ಸಿಡಿಲು ದೇವತೆಗಳ ಆಯುಧವೇ ಆಗಿದ್ದರೆ ಜ್ಯೂಪಿಟರ್ ದೇವನು ಶುಭ್ರವಾದ ಆಕಾಶದಿಂದ ಅದನ್ನು ಎಂದೂ ಎಸೆಯುವುದಿಲ್ಲವೇಕೆ? ಸಿಡಿಲಿಗೆ ಮೋಡ ಬೇಕೇಬೇಕು. ಅದು ಪ್ರಕೃತಿಯ ವ್ಯಾಪಾರವೆಂಬುದು ಅವನ ವಾದ. ಮುಂದಿನ ತಲೆಮಾರಿನ ಹೊರೇಸ್ ಕವಿ ತನ್ನೊಂದು ಗೀತದಲ್ಲಿ ಇದಕ್ಕೆ ಎದುರು ಮಾತಾಡಿದ. ದೇವರ ಪೂಜೆಯಲ್ಲಿ ಉದಾಸೀನನಾಗಿದ್ದ ತಾನು, ಜ್ಯೂಪಿಟರನ ರಥ ನಿರ್ಮಲ ಗಗನದಲ್ಲಿ ಗುಡುಗುತ್ತ ಹಾಯ್ದುದನ್ನು ಕಂಡು ದಾರಿ ಬದಲಿಸಿದೆನೆಂದ.

ನಮ್ಮ ಹಿರಿಯರು ಇಂಗ್ಲಿಷಿನ ಹಂಗಿಲ್ಲದೆಯೇ ‘ಬರಸಿಡಿಲು’ ಎಂದರು. ಬರವೆಂದರೆ ಮಳೆಯಿಲ್ಲದ ಕಾಲ. ಮಳೆಯೂ ಇಲ್ಲ, ಮುನ್ಸೂಚನೆಯೂ ಇಲ್ಲ. ಸಿಡಿಲು ಮಾತ್ರ ಬಂದು ಬಡಿಯಿತು! ಎರಡಕ್ಷರದ ‘ಬರ’ದಲ್ಲಿ ನೀಲಿ ಬಾನೂ ಇದೆ, ಅದಕ್ಕಿಂತ ಹೆಚ್ಚಾಗಿ ಒಣಗಿದ ಹೊಲವೂ ಇದೆ. ಸಂಸ್ಕೃತದಲ್ಲಿ ‘ಅನಭ್ರವೃಷ್ಟಿ’ ಎಂಬ ಮಾತುಂಟು. ಮೋಡವಿಲ್ಲದೆ ಸುರಿದ ಮಳೆಯದು, ಅನಿರೀಕ್ಷಿತವಾಗಿ ಒದಗಿದ ಭಾಗ್ಯ. ಬರಸಿಡಿಲು ಅದರ ಕ್ರೂರಿಯಾದ ದಾಯಾದಿ.

ಹಾಗಾದರೆ ಲುಕ್ರೀಶಿಯಸ್ ಮತ್ತು ಹೊರೇಸ್ ಇವರಿಬ್ಬರಲ್ಲಿ ಯಾರು ಹೇಳಿದ್ದು ನಿಜ? ವಿಜ್ಞಾನದ ತೀರ್ಪು ಸ್ವಾರಸ್ಯವಾಗಿದೆ. ಸಿಡಿಲು ಹುಟ್ಟುವುದು ಗುಡುಗುಮೋಡದಲ್ಲಿಯೇ. ಆದರೆ ಕೆಲವೊಮ್ಮೆ ಅದು ಮೋಡದ ಪಕ್ಕದಿಂದ ಹೊರಬಿದ್ದು, ತಿಳಿಯಾದ ಗಾಳಿಯಲ್ಲಿ ಅಡ್ಡಲಾಗಿ ಹತ್ತು ಹದಿನೈದು ಕಿಲೋಮೀಟರು ಸಾಗಿ, ಬಳಿಕ ಕೆಳಕ್ಕೆ ಬಾಗಿ ನೆಲಕ್ಕೆ ಬಡಿಯುತ್ತದೆ. ಹವಾಮಾನ ಶಾಸ್ತ್ರಜ್ಞರು ಅದನ್ನೂ ‘ಬೋಲ್ಟ್ ಫ್ರಮ್ ದಿ ಬ್ಲೂ’ ಎಂದೇ ಕರೆಯುತ್ತಾರೆ. ಏಪ್ರಿಲ್, ಮೇ ತಿಂಗಳ ಇಳಿಹೊತ್ತಿನಲ್ಲಿ ನಮ್ಮ ನಾಡಿನಲ್ಲಿಯೂ ಗುಡುಗುಮಳೆಗಳು ಏಳುತ್ತವಷ್ಟೆ. ನೆತ್ತಿಯ ಮೇಲೆ ಬಿಸಿಲಿದ್ದರೂ ದೂರದ ಗುಡುಗು ಕಿವಿಗೆ ಬಿದ್ದೊಡನೆ ಮನೆಯೊಳಗೆ ಸೇರಬೇಕು, ಕಡೆಯ ಗುಡುಗಿನ ತರುವಾಯ 30 ನಿಮಿಷ ಹೊರಗೆ ಬರಬಾರದು ಎಂಬ ಎಚ್ಚರಿಕೆ ಹುಟ್ಟಿದ್ದು ಇದರಿಂದಲೇ. ಮೋಡವಿಲ್ಲದೆ ಸಿಡಿಲಿಲ್ಲ, ಆದರೆ ಆ ಮೋಡ ನಮ್ಮ ತಲೆಯ ಮೇಲೆಯೇ ಇರಬೇಕಾಗಿಲ್ಲ!

ನುಡಿಗಟ್ಟನ್ನು ಬಳಸುವವರಿಗೆ ಇದರಲ್ಲಿ ಒಂದು ಪಾಠವಿದೆ. 1966ರ ಜನವರಿ 10ರಂದು ಲಾಲ್ ಬಹದ್ದೂರ್ ಶಾಸ್ತ್ರಿಗಳು ತಾಷ್ಕೆಂಟಿನಲ್ಲಿ ಶಾಂತಿಯ ಒಪ್ಪಂದಕ್ಕೆ ಸಹಿ ಹಾಕಿದರು. ಅಂದು ನಡುರಾತ್ರಿ ಕಳೆದ ಮೇಲೆ ತೀರಿಕೊಂಡರು. ಮರುಬೆಳಗ್ಗೆ ರೇಡಿಯೋ ಕೇಳಿದ ದೇಶಕ್ಕೆ ಅದು ಬರಸಿಡಿಲು ಎಂಬುದರಲ್ಲಿ ಸಂದೇಹವಿಲ್ಲ. ಶಾಸ್ತ್ರಿಗಳಿಗೆ ಹಿಂದೆಯೇ ಹೃದಯಾಘಾತವಾಗಿತ್ತೆಂಬುದು ನಿಜ. ಆದರೆ ಒಪ್ಪಂದದ ಸುದ್ದಿಗೆ ಕಾದಿದ್ದ ಸಾಮಾನ್ಯ ಜನರ ಬಾನಿನಲ್ಲಿ ಆ ಮೋಡ ಇರಲಿಲ್ಲ. 2016ರ ನವೆಂಬರ್ 8ರ ರಾತ್ರಿ ಎಂಟು ಗಂಟೆಗೆ, ಅಂದು ಮಧ್ಯರಾತ್ರಿಯಿಂದ 500 ಮತ್ತು 1000 ರೂಪಾಯಿಗಳ ನೋಟುಗಳು ಸಲ್ಲವೆಂದು ಪ್ರಕಟವಾದಾಗ, ಮದುವೆಗೆಂದು ಹಣ ತೆಗೆದಿರಿಸಿದ್ದ ಮನೆಗಳವರು ‘ಬರಸಿಡಿಲು’ ಎಂದದ್ದೂ ಸಲ್ಲುವ ಮಾತೇ.

ಆದರೆ ಮನೆಯ ಒಡೆಯನಿಂದ ಮೂರು ಸಲ ಸೂಚನಾಪತ್ರ ಬಂದಿದ್ದೂ ಬಾಡಿಗೆ ಕೊಡದಿದ್ದವನು, ಮನೆ ಬಿಡಬೇಕಾಗಿ ಬಂದ ದಿನ ‘ಬೋಲ್ಟ್ ಫ್ರಮ್ ದಿ ಬ್ಲೂ’ ಎಂದರೆ ನುಡಿಗಟ್ಟು ಕೆಟ್ಟಿತೆಂದೇ ಅರ್ಥ. ಎರಡು ವರ್ಷದಿಂದ ಎದೆನೋವನ್ನು ವಾಯುವೆಂದು ತಳ್ಳಿಹಾಕುತ್ತ ಬಂದವನಿಗೂ ಅದು ಒಪ್ಪುವುದಿಲ್ಲ. ಇಂಥ ಸಂದರ್ಭಗಳಿಗಾಗಿ ಇಂಗ್ಲಿಷಿನಲ್ಲಿ ಬೇರೊಂದು ಮಾತಿದೆ: ‘ರೂಡ್ ಅವೇಕನಿಂಗ್’. ಇಲ್ಲಿ ‘ರೂಡ್’ ಎಂದರೆ ಮರ್ಯಾದೆಗೆಟ್ಟದ್ದು ಎಂದಲ್ಲ, ಒರಟಾದದ್ದು ಎಂದರ್ಥ. ಸುಖನಿದ್ರೆಯಲ್ಲಿದ್ದವನನ್ನು ಭುಜ ಹಿಡಿದು ಅಲ್ಲಾಡಿಸಿ ಎಬ್ಬಿಸಿದಂತೆ ಬಂದ ತಿಳಿವು. ‘ಒರಟು ಎಚ್ಚರ’ ಎಂದು ಪದಕ್ಕೆ ಪದ ಇಟ್ಟರೆ ಕನ್ನಡದ ಕಿವಿಗೆ ಹಿತವಾಗದು. ‘ಪೆಟ್ಟು ಬಿದ್ದು ಕಣ್ಣು ತೆರೆಯಿತು’ ಎಂದರೆ ಸಾಕು.

ಎರಡು ಮಾತುಗಳೂ ಅಹಿತವಾದ ಆಶ್ಚರ್ಯಕ್ಕೇ ಸಂಬಂಧಿಸಿದವು. ಆದರೂ ಇವುಗಳ ನಡುವಣ ಅಂತರ ಸಣ್ಣದಲ್ಲ. ಒಂದರಲ್ಲಿ ತಪ್ಪು ಆಕಾಶದ್ದು, ಇನ್ನೊಂದರಲ್ಲಿ ಮಲಗಿದ್ದವನದು. ಸಿಡಿಲು ಬಡಿದವನನ್ನು ಕಂಡು ಜನ ಮರುಗುತ್ತಾರೆ. ಅವನನ್ನು ಯಾರೂ ಪ್ರಶ್ನಿಸುವುದಿಲ್ಲ. ನಾವು ಹಲವು ಸಲ ಎರಡನೆಯ ಮಾತನ್ನು ಬಿಟ್ಟು ಮೊದಲನೆಯದನ್ನು ಆರಿಸಿಕೊಳ್ಳುವುದು ಈ ಕಾರಣಕ್ಕಾಗಿಯೇ ಅಲ್ಲವೆ?

ಮತ್ತೆ ಆ ಭಾನುವಾರದ ಮನೆಗೆ ಬರೋಣ. ಮಗನ ದೂರವಾಣಿಯ ಮಾತು ಕಳೆದ ಎಂಟು ತಿಂಗಳಿಂದ ಮೊಟಕಾಗುತ್ತ ಬಂದಿತ್ತು. ದೀಪಾವಳಿಗೆ ಬಾರದೆ, ಓದಲಿಕ್ಕಿದೆ ಎಂದಿದ್ದ. ಸಂಕ್ರಾಂತಿಗೆ ಬಂದವನು ಎರಡೂ ದಿನ ಗೋಡೆಯ ಕಡೆ ಮುಖಮಾಡಿ ಮಲಗಿದ್ದ. ‘ಹುಡುಗ ಇಳಿದುಹೋಗಿದ್ದಾನೆ, ಒಮ್ಮೆ ಹೋಗಿ ನೋಡಿಬನ್ನಿ’ ಎಂದು ತಾಯಿ ಮೂರು ಬಾರಿ ಹೇಳಿದ್ದಳು. ‘ವಯಸ್ಸು, ಎಲ್ಲ ಸರಿಹೋಗುತ್ತದೆ’ ಎಂದು ತಂದೆ ಮೂರು ಬಾರಿಯೂ ಪತ್ರಿಕೆಯ ಪುಟ ತಿರುವಿದ್ದರು. ಗುಡುಗು ಕೇಳಿಸುತ್ತಿತ್ತು, ನೆತ್ತಿಯ ಮೇಲೆ ಬಿಸಿಲಿದೆಯೆಂದು ಅವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆ ಸಂಜೆ, ಬಂದವರೆಲ್ಲ ಹೊರಟುಹೋದ ಮೇಲೆ, ತಾಯಿ ಒಂದೇ ಮಾತು ಹೇಳಿದಳು: ‘ಸಿಡಿಲು ಬಡಿದದ್ದು ನಮಗಲ್ಲ, ಅವನಿಗೆ. ಎಂಟು ತಿಂಗಳಿಂದ ಒಬ್ಬನೇ ನೆನೆಯುತ್ತಿದ್ದಾನೆ.’

ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅನಂತರ ಎದ್ದು, ಅಟ್ಟದ ಮೇಲಿನ ಕೈಚೀಲ ಇಳಿಸಿ, ರಾತ್ರಿಯ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದರು.