ಹೆಪ್ಪಿನ ವಂಶಾವಳಿ

ದೀಪ ಹಚ್ಚಿದ ಮೇಲೆ ನೆರೆಮನೆಯವರು ಹೆಪ್ಪಿಗೆಂದು ಮಜ್ಜಿಗೆ ಕೇಳಿದರೆ ಕೊಡಲು ಹಿಂದೆಮುಂದೆ ನೋಡುವವರು ನಮ್ಮ ಹುಣಸೂರು, ಕೃಷ್ಣರಾಜನಗರದ ಕಡೆ ಇಂದಿಗೂ ಇದ್ದಾರೆ. ಲಕ್ಷ್ಮಿಯ ಮಾತು ಹಾಗಿರಲಿ, ಒಂದು ಚಮಚ ಮಜ್ಜಿಗೆಯಲ್ಲಿ ಅಷ್ಟು ಬೆಲೆಯುಳ್ಳದ್ದು ಏನಿದೆ? ನಿನ್ನೆಯ ಮೊಸರಿನ ಜೀವಾಣುಗಳಿವೆ. ಅವು ಮೊನ್ನೆಯವುಗಳ ಸಂತತಿ. ಮೊನ್ನೆಯವು ಅದರ ಹಿಂದಿನ ದಿನದವುಗಳ ಸಂತತಿ. ಬಿಯರು ತಯಾರಿಸುವವರೂ ಇದೇ ಲೆಕ್ಕ ಹಿಡಿಯುತ್ತಾರೆಂದರೆ ಓದುಗರಿಗೆ ಆಶ್ಚರ್ಯವಾದೀತು. ಮದ್ಯವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಪರವಾನಗಿಯಿಲ್ಲದೆ ಮನೆಯಲ್ಲಿ ಅದನ್ನು ಮಾಡುವುದು ನಮ್ಮ ರಾಜ್ಯದ 1965ರ ಅಬಕಾರಿ ಕಾಯಿದೆಯಂತೆ ಅಪರಾಧವೂ ಹೌದು. ಆದರೆ ಅವರು ಹೆಪ್ಪನ್ನು ಕಾಯುವ ರೀತಿಯಲ್ಲಿ ನಮ್ಮ ಅಡಿಗೆಮನೆಗೂ ಬೇಕಾದ ತಿಳಿವಳಿಕೆ ಇದೆ.

ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಮಗುವಿಗೆ ಹಿಟ್ಟು ಮಾಡುವುದನ್ನು ಬಲ್ಲ ತಾಯಂದಿರಿಗೆ ಬಿಯರಿನ ಮೊದಲ ಹಂತವನ್ನು ಹೇಳಿಕೊಡಬೇಕಾಗಿಲ್ಲ. ಅಲ್ಲಿ ರಾಗಿಯ ಬದಲು ಬಾರ್ಲಿ. ಮೊಳೆತ ಕಾಳನ್ನು ಬಿಸಿನೀರಿನಲ್ಲಿ ನೆನೆಸಿದರೆ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿ ಕಷಾಯವನ್ನು ಹಾಪ್ಸ್ ಎಂಬ ಕಹಿ ಹೂವಿನೊಡನೆ ಕುದಿಸಿ, ಆರಿಸಿ, ಯೀಸ್ಟನ್ನು ಬಿಡುತ್ತಾರೆ. ಯೀಸ್ಟು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲಾಮ್ಲ ಅನಿಲವನ್ನೂ ಕೊಡುತ್ತದೆ. ಜೊತೆಗೆ ತಾನೂ ಮೂರು ನಾಲ್ಕು ಪಟ್ಟು ಬೆಳೆಯುತ್ತದೆ. ಹಾಕಿದ್ದಕ್ಕಿಂತ ಉಳಿದದ್ದೇ ಹೆಚ್ಚು. ಆದ್ದರಿಂದಲೇ ಒಂದು ಪಾತ್ರೆಯ ತಳದ ಗಸಿ ಮುಂದಿನ ಪಾತ್ರೆಗೆ ಹೆಪ್ಪಾಗುತ್ತದೆ.

ಕನ್ನಡದಲ್ಲಿ ‘ಹುದುಗು’ ಎಂದರೆ ಅಡಗು ಎಂದೂ ಅರ್ಥ, ಹುಳಿಯುಕ್ಕಿಸುವ ವಸ್ತು ಎಂದೂ ಅರ್ಥ. ಸೂಕ್ಷ್ಮದರ್ಶಕ ಹುಟ್ಟುವುದಕ್ಕೆ ಮುಂಚೆ ಯಾರ ಕಣ್ಣಿಗೂ ಬೀಳದ ಜೀವಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಕ್ಕೀತೆ? ಸಂಸ್ಕೃತದ ‘ಕಿಣ್ವ’ವನ್ನು ನಮ್ಮ ವಿಜ್ಞಾನ ಪುಸ್ತಕಗಳು ಈಗ ಬೇರೆ ಅರ್ಥದಲ್ಲಿ ಬಳಸುತ್ತಿವೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದು ಸುರೆಯ ಹೆಪ್ಪು. ಹಸಿಯದೋ ಬೇಯಿಸಿದ್ದೋ ಉದ್ದಿನ ಹಿಟ್ಟು, ಅದಕ್ಕಿಂತ ಹೆಚ್ಚು ಅಕ್ಕಿ, ಮೋರಟ ಮೊದಲಾದ ಮೂಲಿಕೆಗಳು ಅದಕ್ಕೆ ಬೇಕು. ಮೂಲಿಕೆಗಳನ್ನು ಬಿಟ್ಟರೆ ನಮ್ಮ ಇಡ್ಲಿ ಹಿಟ್ಟಿನ ನೆನಪಾಗದಿರದು!

ಗಸಿಯೆಲ್ಲವೂ ಒಂದೇ ತೆರನಲ್ಲ. ಅದನ್ನು ಕುದಿಸಿ ಆರಿಸಿದ ನೀರಿನಲ್ಲಿ ಕಲಕಿ ಬಿಟ್ಟರೆ, ಹಾಪ್ಸಿನ ಚೂರು, ಸತ್ತ ಕಣಗಳು ಮೊದಲು ತಳ ಸೇರುತ್ತವೆ. ಅದರ ಮೇಲೆ ಕೆನೆಯಂತೆ ಬೆಳ್ಳಗೆ ತೇಲಾಡುವುದು ಜೀವಂತ ಯೀಸ್ಟು. ಅದನ್ನು ಬಗ್ಗಿಸಿಕೊಂಡು ತಣ್ಣಗೆ, 2ರಿಂದ 4 ಡಿಗ್ರಿ ಸೆಂಟಿಗ್ರೇಡಿನಲ್ಲಿ ಇಟ್ಟು, ಒಂದೆರಡು ವಾರದೊಳಗೆ ಬಳಸುವುದು ಕ್ರಮ. ಕಡಿಮೆ ಸತ್ತ್ವದ ಬಿಯರಿನಿಂದ ತೆಗೆದದ್ದನ್ನು ಹೆಚ್ಚು ಸತ್ತ್ವದ್ದಕ್ಕೆ ಹಾಕಬಹುದು; ತಿರುಗಾಮುರುಗಾ ಮಾಡಲಾಗದು. ಮದ್ಯಸಾರದ ಕಾವಿನಲ್ಲಿ ಬೆಂದ ಯೀಸ್ಟು ದಣಿದಿರುತ್ತದೆ.

ಈ ಸರಪಳಿ ಎಲ್ಲಿಯವರೆಗೆ? ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಐದರಿಂದ ಹತ್ತು ತಲೆಮಾರು. ಅಷ್ಟರಲ್ಲಿ ಕಾಡು ಯೀಸ್ಟೂ ಹುಳಿ ಬ್ಯಾಕ್ಟೀರಿಯಾಗಳೂ ಸದ್ದಿಲ್ಲದೆ ಸೇರಿಕೊಳ್ಳುತ್ತವೆ. ಮೊದಲ ಸಲ ಅವು ನೂರರಲ್ಲಿ ಒಂದಿದ್ದರೆ ಮುಂದೆ ಹತ್ತಾಗುತ್ತವೆ. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಕಾರ್ಖಾನೆಯ ಬಿಯರು ಹೀಗೆಯೇ ಕೆಟ್ಟಿತು. ಅಲ್ಲಿಯ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ ದೋಷ ಬೆರಕೆ ಯೀಸ್ಟಿನಲ್ಲಿದೆ ಎಂದು ಕಂಡುಹಿಡಿದು, ಒಂದೇ ಒಂದು ಕಣವನ್ನು ಬೇರ್ಪಡಿಸಿ ಬೆಳೆಸಿದನು. 1883ರಿಂದ ಆ ಶುದ್ಧ ಸಂತತಿಯಲ್ಲೇ ಬಿಯರು ತಯಾರಾಯಿತು. ಒಡೆಯ ಯಾಕೊಬ್ಸೆನ್ ಅದನ್ನು ಗುಟ್ಟಾಗಿಡದೆ ಇತರ ಕಾರ್ಖಾನೆಗಳಿಗೂ ಹಂಚಿದನು. ದೀಪ ಹಚ್ಚಿದ ಮೇಲೂ ಕೊಟ್ಟಂತಾಯಿತು!

ದೂರದ ದೇಶದ ಮಾತೇ ಏಕೆ? ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ 1960ರ ದಶಕದ ಆರಂಭದಲ್ಲಿಯೂ ಹುಣಸೂರು ತಾಲ್ಲೂಕಿನ ಗುರುಪುರಕ್ಕೆ 1972ರಲ್ಲಿಯೂ ಬಂದು ನೆಲೆಸಿದ ಟಿಬೆಟಿನವರ ಸಾಂಪ್ರದಾಯಿಕ ಪಾನೀಯ ‘ಛಾಂಗ್’. ಅದರ ಹೆಪ್ಪು ‘ಫಬ್’ ಎಂಬ ಒಣ ಬಿಲ್ಲೆ. ಬೇಯಿಸಿ ಆರಿಸಿದ ಧಾನ್ಯದ ಮೇಲೆ ಅದನ್ನು ಪುಡಿಮಾಡಿ ಚೆಲ್ಲಿ, ಬೆಚ್ಚಗೆ ಮುಚ್ಚಿಡುತ್ತಾರೆ. ಸಿಕ್ಕಿಮಿನ ಕಡೆ ಇಂಥದೇ ಬಿಲ್ಲೆ ‘ಮರ್ಚಾ’. ಹೊಸದನ್ನು ತಟ್ಟುವಾಗ ಹಳೆಯದರ ಪುಡಿಯನ್ನು ಬೆರೆಸುತ್ತಾರೆ. ಹಸಿ ಗಸಿ ವಾರದಲ್ಲಿ ಸೊರಗಿದರೆ, ಒಣ ಬಿಲ್ಲೆ ತಿಂಗಳುಗಟ್ಟಲೆ ಬಾಳುತ್ತದೆ. ಗಂಟಿನಲ್ಲಿ ಕಟ್ಟಿಕೊಂಡು ಬೆಟ್ಟ ದಾಟಿಸಬಹುದು. ನನಗೆ ಇದು ಕಾರ್ಖಾನೆಯ ಶೀತಕ್ಕಿಂತ ಜಾಣತನವೆಂದು ತೋರುತ್ತದೆ.

ಇನ್ನು ನಮ್ಮ ಮೊಸರು. ಅದರಲ್ಲಿ ಕೆಲಸ ಮಾಡುವುದು ಬ್ಯಾಕ್ಟೀರಿಯಾ. ಯೀಸ್ಟು ಅಲ್ಲಿ ಕರೆಯದೆ ಬಂದ ನೆಂಟ. ಮೊಸರಿನಲ್ಲಿ ಗುಳ್ಳೆಯೆದ್ದು ಹೆಂಡದ ವಾಸನೆ ಬಂದರೆ, ಲೋಳೆಯಂತೆ ಎಳೆ ಬಂದರೆ, ವಂಶ ಕೆಟ್ಟಿತೆಂದು ತಿಳಿಯಬೇಕು. ‘ಇವತ್ತೊಂದು ದಿನ’ ಎಂದು ಅದನ್ನೇ ಮುಂದುವರಿಸಿದರೆ ನಾಳೆಯ ಹಾಲೂ ಕೆಡುತ್ತದೆ. ಒಳ್ಳೆಯ ಮನೆಯಿಂದ, ಹಗಲು ಹೊತ್ತಿನಲ್ಲೇ, ಹೊಸ ಹೆಪ್ಪು ತರಿಸಿಕೊಳ್ಳಬೇಕು. ಅದನ್ನು ಹಾಕುವ ಮೊದಲು ಹಳೆಯ ಪಾತ್ರೆಯನ್ನೂ ಸೌಟನ್ನೂ ತಿಕ್ಕಿ ತೊಳೆದು ಕುದಿಯುವ ನೀರು ಹೊಯ್ಯಬೇಕು. ಅಂಚಿನ ಗೀರಿನಲ್ಲಿ ಉಳಿದ ಹಳೆಯ ಹುಳಿ ಮೂರನೆಯ ದಿನಕ್ಕೆ ಹೊಸ ಹೆಪ್ಪನ್ನೂ ಹಿಡಿದುಬಿಡುತ್ತದೆ.