ತಿಳಿಯಾದುದೆಲ್ಲ ದ್ರಾವಣವೇ?

ಮಳೆಗಾಲದಲ್ಲಿ ಕೆರೆಯಿಂದ ತಂದ ಒಂದು ಕೊಡ ಕೆಂಪು ನೀರನ್ನು ಅಲುಗಿಸದೆ ಇಟ್ಟರೆ ಬೆಳಗಾಗುವ ವೇಳೆಗೆ ಮರಳೂ ಮಣ್ಣೂ ತಳ ಹಿಡಿದಿರುತ್ತವೆ. ಆದರೂ ಮೇಲಿನ ನೀರಿನಲ್ಲಿ ಒಂದು ಬಗೆಯ ಮಬ್ಬು ಉಳಿದೇ ಇರುತ್ತದೆ. ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿದರೂ ಅದು ಹೋಗದು. ಪಟಿಕದ ಹರಳನ್ನು ನೀರಿನಲ್ಲಿ ನಾಲ್ಕಾರು ಸುತ್ತು ತಿರುಗಿಸಿ ಬಿಟ್ಟರೆ ಆ ಮಬ್ಬೂ ಕ್ರಮೇಣ ತಳಕ್ಕಿಳಿಯುತ್ತದೆ. ಈಗ ನೀರು ಶುದ್ಧವಾಯಿತೇ? ಅದರ ಒಂದು ತೊಟ್ಟನ್ನು ಗಾಜಿನ ಮೇಲೆ ಒಣಗಿಸಿ ನೋಡಿರಿ. ಬಿಳಿಯ ಕಲೆಯೊಂದು ಉಳಿಯುತ್ತದೆ. ಅಂದ ಮೇಲೆ ಒಂದೇ ಕೊಡದಲ್ಲಿ ಮೂರು ಬಗೆಯ ಮಿಶ್ರಣಗಳು ಇದ್ದುವೆಂದಾಯಿತು. ತಾನಾಗಿ ತಳ ಹಿಡಿದುದು ನಿಲಂಬನ. ಪಟಿಕಕ್ಕೆ ಮಣಿದುದು ಕಲಿಲ. ಯಾವುದಕ್ಕೂ ಜಗ್ಗದೆ ಉಳಿದುದು ದ್ರಾವಣ.

ಇವುಗಳ ಭೇದ ಮುಖ್ಯವಾಗಿ ಕಣಗಳ ಗಾತ್ರದ್ದು. ಉಪ್ಪು ನೀರಿನಲ್ಲಿ ಕರಗಿದಾಗ ಅದರ ಹರಳು ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳಾಗಿ ಬಿಡಿಬಿಡಿಯಾಗಿ ನೀರಿನ ಅಣುಗಳ ನಡುವೆ ಹಂಚಿಹೋಗುತ್ತದೆ. ಇವು ಒಂದು ನ್ಯಾನೋಮೀಟರಿಗಿಂತ, ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗಕ್ಕಿಂತ, ಚಿಕ್ಕವು. ಸುಮಾರು 1ರಿಂದ 1,000 ನ್ಯಾನೋಮೀಟರಿನವರೆಗಿನ ಕಣಗಳು ಹರಡಿಕೊಂಡಿದ್ದರೆ ಅದು ಕಲಿಲ. ಅದನ್ನು ಮೀರಿದರೆ ನಿಲಂಬನ. ಈ ಗಡಿಗಳು ನಾವು ಅನುಕೂಲಕ್ಕಾಗಿ ಹಾಕಿಕೊಂಡವು. ಪ್ರಕೃತಿಯಲ್ಲಿ ಇಂತಹ ಬೇಲಿಗಳಿಲ್ಲ. ಜೇಡಿಯ ಕಣಗಳಿಗೆಲ್ಲ ಋಣ ವಿದ್ಯುದಂಶವಿರುವುದರಿಂದ ಅವು ಒಂದನ್ನೊಂದು ದೂಡುತ್ತ ತೇಲಿಕೊಂಡಿರುತ್ತವೆ. ಪಟಿಕದ ಅಲ್ಯೂಮಿನಿಯಂ ಧನ ವಿದ್ಯುದಂಶವನ್ನು ತಂದು ಈ ಜಗಳವನ್ನು ನಿಲ್ಲಿಸುತ್ತದೆ. ಕಣಗಳು ಗುಂಪುಗೂಡಿ ಭಾರವಾಗಿ ಇಳಿಯುತ್ತವೆ.

ವಿದ್ಯಾರ್ಥಿಗಳು ಎಡವುವುದು ಕಲಿಲದಲ್ಲಿಯೇ. 'ಪಾರದರ್ಶಕವಾದುದು ದ್ರಾವಣ' ಎಂಬ ವಾಕ್ಯವನ್ನು ಉತ್ತರ ಪತ್ರಿಕೆಗಳಲ್ಲಿ ಪ್ರತಿ ವರ್ಷವೂ ಓದುತ್ತೇನೆ. ಅವರನ್ನು ಹಳಿಯುವಂತೆಯೂ ಇಲ್ಲ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೇಲ್ ಫ್ಯಾರಡೆ ಚಿನ್ನದ ಲವಣದ ದ್ರಾವಣವನ್ನು ರಂಜಕದಿಂದ ಅಪಕರ್ಷಿಸಿ, ಮಾಣಿಕ್ಯದಂತೆ ಕೆಂಪಾದ ದ್ರವವೊಂದನ್ನು ಪಡೆದನು. ನೋಟಕ್ಕೆ ಅದು ಅಪ್ಪಟ ದ್ರಾವಣವೇ. ಆದರೆ ಮಸೂರದಿಂದ ಕೂಡಿಸಿದ ಬೆಳಕನ್ನು ಹಾಯಿಸಿ ಪಕ್ಕದಿಂದ ನೋಡಿದಾಗ ಬೆಳಕಿನ ಹಾದಿ ದ್ರವದೊಳಗೆ ಮಿನುಗಿತು. ಚಿನ್ನ ಕರಗಿಲ್ಲ, ಅತಿ ಸೂಕ್ಷ್ಮ ಲೋಹಕಣಗಳಾಗಿ ಹರಡಿದೆಯೆಂದು ಫ್ಯಾರಡೆ 1857ರಲ್ಲಿ ಪ್ರಕಟಿಸಿದನು. ಅವನ ಕೆಲವು ಸೀಸೆಗಳು ಇಂದಿಗೂ ಆ ಸಂಸ್ಥೆಯಲ್ಲಿವೆ. ಈ ಪರಿಣಾಮಕ್ಕೆ ಹೆಸರು ಮಾತ್ರ ಮುಂದೆ ಅದನ್ನು ವಿವರವಾಗಿ ಪರಿಶೀಲಿಸಿದ ಟಿಂಡಲನಿಗೆ ಸಂದಿತು!

ಇದನ್ನು ಮನೆಯಲ್ಲಿಯೇ ನೋಡಬಹುದು. ಬಟ್ಟಿಯಿಳಿಸಿದ ನೀರನ್ನು ಎರಡು ಗಾಜಿನ ಲೋಟಗಳಲ್ಲಿ ತೆಗೆದುಕೊಂಡು ಒಂದರಲ್ಲಿ ಸಕ್ಕರೆಯನ್ನು ಕರಗಿಸಿರಿ. ಇನ್ನೊಂದಕ್ಕೆ ಎರಡು ಮೂರು ತೊಟ್ಟು ಹಾಲು ಬೆರೆಸಿರಿ. ಕತ್ತಲೆ ಕೋಣೆಯಲ್ಲಿ ಟಾರ್ಚಿನ ಬೆಳಕನ್ನು ಹಾಯಿಸಿದರೆ ಹಾಲಿನ ಲೋಟದಲ್ಲಿ ನಸುನೀಲಿಯ ಪಟ್ಟೆ ಕಾಣುತ್ತದೆ, ಸಕ್ಕರೆಯದರಲ್ಲಿ ಕಾಣದು. ಕಾಣದು ಎಂಬ ಮಾತೂ ಸ್ಥೂಲವಾದುದೇ. ಅಣುಗಳೂ ಬೆಳಕನ್ನು ಅತ್ಯಲ್ಪವಾಗಿ ಚದರಿಸುತ್ತವೆ. 1921ರಲ್ಲಿ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡು ಸಿ. ವಿ. ರಾಮನ್ನರು ಬೆನ್ನು ಹತ್ತಿದುದು ಈ ಅತ್ಯಲ್ಪವನ್ನೇ.

ಪರೀಕ್ಷೆಗೆ ಇನ್ನೊಂದು ದಾರಿಯನ್ನು ತೋರಿಸಿದವನು ಥಾಮಸ್ ಗ್ರಹಾಂ. ಚರ್ಮಕಾಗದದ ತೆರೆಯ ಮೂಲಕ ಉಪ್ಪು ಸಕ್ಕರೆಗಳು ಸುಲಭವಾಗಿ ಹೊರಬೀಳುವುವೆಂದೂ ಅಂಟು ಒಳಗೇ ಉಳಿಯುವುದೆಂದೂ ಅವನು 1861ರಲ್ಲಿ ತಿಳಿಸಿದನು. ಮೂತ್ರಪಿಂಡ ಕೆಟ್ಟವರ ರಕ್ತದಿಂದ ಯೂರಿಯವನ್ನು ತೆಗೆದು ಪ್ರೋಟೀನುಗಳನ್ನು ಉಳಿಸುವ ಡಯಾಲಿಸಿಸ್ ಯಂತ್ರದ ಮೂಲ ಇಲ್ಲಿದೆ.

ಪಾವಗಡ, ಕೋಲಾರದ ಕಡೆಯ ಅನೇಕ ಕೊಳವೆ ಬಾವಿಗಳ ನೀರು ನೋಡಲು ಬಲು ತಿಳಿ. ಟಾರ್ಚು ಹಾಯಿಸಿದರೂ ಅದರಲ್ಲಿ ಪಟ್ಟೆ ಕಾಣದೆ ಇರಬಹುದು. ಆದರೆ ಬಂಡೆಯಿಂದ ಕರಗಿ ಬಂದ ಫ್ಲೋರೈಡು ಅದರಲ್ಲಿ ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ದಾಟಿರುವುದುಂಟು. ಬಹುಕಾಲ ಅದನ್ನೇ ಕುಡಿದ ಮಕ್ಕಳ ಹಲ್ಲು ಕಲೆಗಟ್ಟುತ್ತವೆ. ಪ್ರಮಾಣ ಹೆಚ್ಚಾಗಿದ್ದರೆ ಮೂಳೆಗಳೂ ಕೆಡುತ್ತವೆ. ಬಟ್ಟೆಯಲ್ಲಿ ಸೋಸಿ ಪ್ರಯೋಜನವಿಲ್ಲ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ನಿಜ; ಆದರೆ ಆವಿಯಾಗಿ ಹೋಗುವುದು ನೀರು ಮಾತ್ರ. ಫ್ಲೋರೈಡು ಪಾತ್ರೆಯಲ್ಲಿಯೇ ನಿಲ್ಲುವುದರಿಂದ, ಉಳಿದ ನೀರಿನ ಪ್ರತಿ ಲೀಟರಿನಲ್ಲಿಯೂ ಅದು ಮೊದಲಿಗಿಂತ ಹೆಚ್ಚಾಗಿರುತ್ತದೆ.