ಗೇಣು ನೆಲವಿಲ್ಲದವನ 21 ಲಕ್ಷ ಎಕರೆ

ಈ ಲೆಕ್ಕವನ್ನು ಸೊನ್ನೆಯಿಂದಲೇ ಶುರು ಮಾಡಬೇಕು. 1147ರ ಆಸುಪಾಸಿನಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ವಿಲಿಯಂ ಮಾರ್ಷಲ್ ಎಂಬ ಹುಡುಗನಿಗೆ ಅಪ್ಪನ ಆಸ್ತಿಯಲ್ಲಿ ಕಾಣುತ್ತಿದ್ದ ಪಾಲು ಸೊನ್ನೆ. ಅಪ್ಪ ಜಾನ್ ಮಾರ್ಷಲ್‌ಗೆ ಎರಡು ಮದುವೆ. ಇವನು ನಾಲ್ಕನೆಯ ಮಗ. 1152ರಲ್ಲಿ ರಾಜ ಸ್ಟೀಫನ್ ನ್ಯೂಬರಿ ಕೋಟೆಗೆ ಮುತ್ತಿಗೆ ಹಾಕಿದಾಗ ಜಾನ್ ಈ ಐದು ವರ್ಷದ ಮಗನನ್ನು ಒತ್ತೆಯಾಗಿ ಕೊಟ್ಟ, ಆಮೇಲೆ ಕೊಟ್ಟ ಮಾತು ಮುರಿದ. ಹುಡುಗನನ್ನು ಗಲ್ಲಿಗೇರಿಸುತ್ತೇವೆ ಎಂದು ಸುದ್ದಿ ಹೋದಾಗ, ಇದಕ್ಕಿಂತ ಒಳ್ಳೆಯ ಮಕ್ಕಳನ್ನು ಹುಟ್ಟಿಸುವ ಶಕ್ತಿ ನನಗಿನ್ನೂ ಇದೆ ಎಂದು ಆ ತಂದೆ ಉತ್ತರ ಕಳಿಸಿದನಂತೆ! ರಾಜನಿಗೆ ಮಗುವನ್ನು ಕೊಲ್ಲಲು ಮನಸ್ಸಾಗಲಿಲ್ಲ. ಅಂದು ಉಳಿದ ಆ ಜೀವ ಇನ್ನೂ 67 ವರ್ಷ ಬಾಳಿತು. ಒಬ್ಬರ ನಂತರ ಒಬ್ಬರಂತೆ ಐದು ರಾಜರನ್ನು ಕಂಡಿತು.

ಜಮೀನಿಲ್ಲದ ನೈಟ್ ಹೊಟ್ಟೆ ಹೊರೆಯುವುದು ಹೇಗೆ? ಟೂರ್ನಮೆಂಟುಗಳಲ್ಲಿ ಕಾದಾಡಿ. ಅಂದಿನ ಟೂರ್ನಮೆಂಟ್ ಎಂದರೆ ಮೈಲಿಗಟ್ಟಲೆ ಬಯಲಿನಲ್ಲಿ ನಡೆಯುತ್ತಿದ್ದ ಅಣಕು ಯುದ್ಧ. ಎದುರಾಳಿಯನ್ನು ಸೆರೆ ಹಿಡಿದರೆ ಅವನ ಕುದುರೆ, ಕವಚ, ಬಿಡುಗಡೆಯ ಹಣ ಎಲ್ಲವೂ ಗೆದ್ದವನದು. ಮಾರ್ಷಲ್ ಸುಮಾರು 16 ವರ್ಷ ಹೀಗೆ ಕಾದಾಡಿದ. ಮರಣಶಯ್ಯೆಯಲ್ಲಿ ತಾನೇ ಹೇಳಿಕೊಂಡ ಪ್ರಕಾರ ಸೆರೆ ಹಿಡಿದ ನೈಟ್‌ಗಳ ಸಂಖ್ಯೆ 500. ವರ್ಷಕ್ಕೆ 31 ಜನ! ಅದು ಬರೀ ಸರಾಸರಿ. ರೋಜರ್ ಡಿ ಗೌಜಿ ಎಂಬ ಜೊತೆಗಾರನೊಂದಿಗೆ ಪಾಲುದಾರಿಕೆ ಮಾಡಿಕೊಂಡಾಗ ಹತ್ತು ತಿಂಗಳೊಳಗೆ ಇಬ್ಬರೂ ಸೇರಿ ಹಿಡಿದದ್ದು 103 ನೈಟ್‌ಗಳನ್ನು. ಮೂರು ದಿನಕ್ಕೊಬ್ಬ ನೈಟ್ ಬಲೆಗೆ ಬಿದ್ದ ಹಾಗಾಯಿತು. ಇದನ್ನು ಒಬ್ಬ ಗುಮಾಸ್ತ ಬರೆದಿಟ್ಟಿದ್ದ. ಕುದುರೆಗಳು ಆ ಲೆಕ್ಕಕ್ಕೆ ಸೇರಿಲ್ಲ.

ಇಷ್ಟೆಲ್ಲ ಗೆದ್ದರೂ ನಲವತ್ತರ ಹೊಸ್ತಿಲಿಗೆ ಬಂದವನ ಹೆಸರಿನಲ್ಲಿ ಹೇಳಿಕೊಳ್ಳುವಂಥ ಜಮೀನಿರಲಿಲ್ಲ. 1186ರ ಸುಮಾರಿಗೆ ರಾಜ ಎರಡನೆಯ ಹೆನ್ರಿ ಉತ್ತರ ಇಂಗ್ಲೆಂಡಿನ ಕಾರ್ಟ್‌ಮೆಲ್ ಎಂಬ ಒಂದು ಎಸ್ಟೇಟ್ ಕೊಟ್ಟ. ಒಂದೇ ಒಂದು. ಅಲ್ಲಿಂದ ಮೂರೇ ವರ್ಷ ಮುಂದೆ ಬನ್ನಿ.

1189. ಮಾರ್ಷಲ್‌ಗೆ 43ರ ಆಸುಪಾಸು, ಮದುಮಗಳು ಇಸಾಬೆಲ್ ಡಿ ಕ್ಲೇರ್‌ಗೆ ಸುಮಾರು 17. ಅವಳ ತಂದೆ ಸ್ಟ್ರಾಂಗ್‌ಬೋ ಎಂದೇ ಹೆಸರಾದ ರಿಚರ್ಡ್ ಡಿ ಕ್ಲೇರ್. ತಾಯಿ ಈಫಾ, ಐರ್ಲೆಂಡಿನ ಲೆನ್‌ಸ್ಟರ್ ರಾಜನ ಮಗಳು. ತಾಳಿ ಕಟ್ಟುವ ಪದ್ಧತಿ ಅಲ್ಲಿಲ್ಲ, ಆದರೆ ಕಟ್ಟಿಕೊಂಡು ಬಂದದ್ದನ್ನು ನೋಡಿ! ವೇಲ್ಸ್ ಗಡಿಯ ಚೆಪ್‌ಸ್ಟೋ ಕೋಟೆಯ ಸುತ್ತ ಕೇಂದ್ರೀಕೃತವಾದ ಸ್ಟ್ರಿಗಲ್ ಸಂಸ್ಥಾನ: 65½ ನೈಟ್ ಜಹಗೀರುಗಳು. ಐರ್ಲೆಂಡಿನ ಲೆನ್‌ಸ್ಟರ್: ರಾಜನಿಗೆ 100 ನೈಟ್‌ಗಳ ಸೇವೆ ಸಲ್ಲಿಸಬೇಕಾದಷ್ಟು ದೊಡ್ಡ ಸೀಮೆ. ಹತ್ತು ವರ್ಷ ಕಳೆದು 1199ರಲ್ಲಿ ವೇಲ್ಸ್‌ನ ಪೆಂಬ್ರೋಕ್ ಮತ್ತು ಅರ್ಲ್ ಪದವಿ.

ಒಬ್ಬ ಸಾಧಾರಣ ನೈಟ್ ಕುದುರೆ, ಕವಚ, ಸಂಸಾರ ಎಲ್ಲವನ್ನೂ ಸಾಕಿಕೊಳ್ಳುವುದಕ್ಕೆ ಒಂದು ಜಹಗೀರು ಸಾಕು ಎಂಬುದು ಅಂದಿನ ಅಳತೆ. ಸ್ಟ್ರಿಗಲ್ ಮತ್ತು ಲೆನ್‌ಸ್ಟರ್ ಎರಡನ್ನೇ ಕೂಡಿದರೂ 165½ ಆಗುತ್ತದೆ. ಒಂದು ಜಹಗೀರಿನಿಂದ ವರ್ಷಕ್ಕೆ 40 ದಿನದ ಸೇವೆ ಎಂಬ ರೂಢಿಯನ್ನು ಹಿಡಿದು ಗುಣಿಸಿದರೆ 6,620 ದಿನ. ಅಂದರೆ ಪ್ರತಿ ವರ್ಷವೂ ಹದಿನೆಂಟು ವರ್ಷಗಳಷ್ಟು ಸೇವೆ ಈ ಮನುಷ್ಯನ ನೆಲದಿಂದ ಹುಟ್ಟಬೇಕು!

ನೆಲದ ಅಳತೆಗೇ ಬರೋಣ. ಲೆನ್‌ಸ್ಟರ್ ಸೀಮೆ ಇಂದಿನ ಕಾರ್ಲೋ, ಕಿಲ್ಕೆನಿ, ಕಿಲ್ಡೇರ್, ವೆಕ್ಸ್‌ಫರ್ಡ್, ಲೀಶ್ ಎಂಬ ಐದು ಕೌಂಟಿಗಳಲ್ಲಿ ಹರಡಿತ್ತು. ಈ ಐದರ ಒಟ್ಟು ವಿಸ್ತೀರ್ಣ ಸುಮಾರು 8,750 ಚದರ ಕಿಲೋಮೀಟರ್. ಗೋವಾದಂಥ ಎರಡು ರಾಜ್ಯಗಳನ್ನು ಅಕ್ಕಪಕ್ಕ ಇಟ್ಟರೂ ಇನ್ನೂ 1,300 ಚದರ ಕಿಲೋಮೀಟರ್ ಖಾಲಿ ಉಳಿಯುತ್ತದೆ. ಇಡೀ ಐರ್ಲೆಂಡ್ ದ್ವೀಪದ ಹತ್ತನೆಯ ಒಂದು ಪಾಲು. ಎಕರೆಯಲ್ಲಿ ಹೇಳಿದರೆ 21 ಲಕ್ಷಕ್ಕೂ ಹೆಚ್ಚು. ನಿಮಿಷಕ್ಕೆ ಒಂದು ಎಕರೆಯಂತೆ, ಊಟ ನಿದ್ದೆ ಬಿಟ್ಟು, ಹಗಲೂ ರಾತ್ರಿ ನೋಡುತ್ತಾ ಹೋದರೆ ಮುಗಿಯುವುದಕ್ಕೆ ನಾಲ್ಕು ವರ್ಷ ಬೇಕು. ಅದೂ ಐರ್ಲೆಂಡಿನದು ಮಾತ್ರ!

ಮದುವೆಯಲ್ಲಿ ಬಂದದ್ದು ಸಾಲದೆಂಬಂತೆ ಮಾರ್ಷಲ್ ದುಡ್ಡು ಕೊಟ್ಟೂ ಪಡೆದುಕೊಂಡ. ಗಿಫರ್ಡ್ ಮನೆತನದ ಆಸ್ತಿಯಲ್ಲಿ ಅರ್ಧ ಪಾಲಿಗೆ, ಅಂದರೆ ನಾರ್ಮಂಡಿಯ ಲಾಂಗ್ವಿಲ್ ಮತ್ತದರ ಜೊತೆಯ ಇಂಗ್ಲೆಂಡಿನ ಜಮೀನುಗಳಿಗೆ, ರಾಜ ರಿಚರ್ಡನಿಗೆ ಒಪ್ಪಿಕೊಂಡ ಮೊತ್ತ 2,000 ಮಾರ್ಕ್. ಒಂದು ಮಾರ್ಕ್‌ಗೆ 160 ಪೆನ್ನಿ. ಒಟ್ಟು 3,20,000 ಪೆನ್ನಿ. ಎರಡನೆಯ ಹೆನ್ರಿಯ ಕಾಲದಲ್ಲಿ ಕೂಲಿಗೆ ನಿಂತ ಒಬ್ಬ ನೈಟ್‌ನ ದಿನದ ಸಂಬಳ 8 ಪೆನ್ನಿ. ಭಾಗಿಸಿ ನೋಡಿ: 40,000 ದಿನ. ಒಂದು ದಿನವೂ ರಜೆ ಹಾಕದೆ, ಒಂದು ಕಾಸೂ ಖರ್ಚು ಮಾಡದೆ, 109 ವರ್ಷ ದುಡಿದ ನೈಟ್ ಮಾತ್ರ ಆ ಅರ್ಧ ಪಾಲನ್ನು ಕೊಳ್ಳಬಲ್ಲ. ಫ್ರಾನ್ಸಿನ ರಾಜ ಫಿಲಿಪ್ ನಾರ್ಮಂಡಿಯನ್ನು ಗೆದ್ದಾಗ ಅಲ್ಲಿನ ತನ್ನ ಜಮೀನನ್ನು ಉಳಿಸಿಕೊಳ್ಳಲೆಂದು ಇನ್ನೂ 500 ಮಾರ್ಕ್ ತೆತ್ತ. ಅದು ಇನ್ನೊಬ್ಬ ನೈಟ್‌ನ 27 ವರ್ಷದ ದುಡಿಮೆ.

ಹೀಗೆ ಒಬ್ಬನ ಕೈಯಲ್ಲಿ ಇಂಗ್ಲೆಂಡ್, ವೇಲ್ಸ್, ಐರ್ಲೆಂಡ್, ನಾರ್ಮಂಡಿ. ಲಾಂಗ್ವಿಲ್‌ನಿಂದ ಕಿಲ್ಕೆನಿಗೆ ಹಕ್ಕಿ ಹಾರಿದ ದಾರಿಯಲ್ಲೇ 650 ಕಿಲೋಮೀಟರ್, ನಡುವೆ ಎರಡು ಸಮುದ್ರ. ಆ ನೆಲದ ಮೇಲೆ ಅವನು ಕಟ್ಟಿಸಿದ್ದೂ ಹಾಗೆಯೇ ಇದೆ. ಪೆಂಬ್ರೋಕ್ ಕೋಟೆಯ ದುಂಡು ಗೋಪುರದ ಎತ್ತರ ಸುಮಾರು 80 ಅಡಿ, ಬುಡದ ಗೋಡೆಯ ದಪ್ಪ ಸುಮಾರು 20 ಅಡಿ. ವೆಕ್ಸ್‌ಫರ್ಡ್‌ನ ಹುಕ್ ಭೂಶಿರದಲ್ಲಿ ಅವನ ದೀಪಸ್ತಂಭವಿದೆ: 115 ಮೆಟ್ಟಿಲು, ನಾಲ್ಕು ಮೀಟರಿನಷ್ಟು ದಪ್ಪದ ಗೋಡೆ, 800 ವರ್ಷ ವಯಸ್ಸು, ಇಂದಿಗೂ ಹಡಗುಗಳಿಗೆ ಬೆಳಕು. ನನ್ನನ್ನು ಎಲ್ಲಕ್ಕಿಂತ ಬೆರಗುಗೊಳಿಸುವುದು ಚೆಪ್‌ಸ್ಟೋ ಕೋಟೆಯ ಮರದ ಬಾಗಿಲು. ಕಲ್ಲು ಉಳಿಯುವುದು ಸರಿ, ಮರ? 1190ಕ್ಕೂ ಮೊದಲು ಕಡಿದ ಮರದಿಂದ ಮಾಡಿದ ಆ ಬಾಗಿಲುಗಳು ಹೆಬ್ಬಾಗಿಲಿನಲ್ಲಿ ತೂಗಿದ್ದು 1962ರವರೆಗೆ. ಸುಮಾರು 770 ವರ್ಷ, ಎರಡೂಮುಕ್ಕಾಲು ಲಕ್ಷ ದಿನಗಳಿಗೂ ಹೆಚ್ಚು. ಯುರೋಪಿನಲ್ಲಿ ಇದಕ್ಕಿಂತ ಹಳೆಯ ಕೋಟೆ ಬಾಗಿಲಿಲ್ಲ ಎಂದೇ ಹೆಸರು.

ಇನ್ನು ಮನೆಮಂದಿ. ಮಾರ್ಷಲ್ ಮತ್ತು ಇಸಾಬೆಲ್‌ಗೆ ಹತ್ತು ಮಕ್ಕಳು: ಐದು ಗಂಡು, ಐದು ಹೆಣ್ಣು. ತೊಟ್ಟಿಲಲ್ಲೇ ಮಕ್ಕಳು ಕಣ್ಣು ಮುಚ್ಚುತ್ತಿದ್ದ ಕಾಲದಲ್ಲಿ ಹತ್ತಕ್ಕೆ ಹತ್ತೂ ಬೆಳೆದು ದೊಡ್ಡವರಾದರು! ಈ ಕುಟುಂಬ ಎಷ್ಟು ದೂರ ಕೈಚಾಚಿತ್ತು ಎನ್ನುವುದಕ್ಕೆ 1215ರಲ್ಲಿ ರಾಜನಿಗೂ ಬ್ಯಾರನ್‌ಗಳಿಗೂ ಆದ ಮ್ಯಾಗ್ನಾ ಕಾರ್ಟಾ ಒಪ್ಪಂದ ನೋಡಬೇಕು. ರಾಜ ಜಾನ್ ಮಾತು ತಪ್ಪದಂತೆ ಕಾವಲಿಡಲು ಆರಿಸಿದ ಬ್ಯಾರನ್‌ಗಳು 25. ಅವರಲ್ಲಿ ಒಬ್ಬ ಮಾರ್ಷಲ್‌ನ ಹಿರಿಮಗ. ಒಬ್ಬ ಅಳಿಯ ಹ್ಯೂ ಬಿಗಾಡ್. ಇನ್ನೊಬ್ಬ ಎರಡು ವರ್ಷದ ಮೇಲೆ ಅಳಿಯನಾಗಲಿದ್ದ ಗಿಲ್ಬರ್ಟ್ ಡಿ ಕ್ಲೇರ್. ಆ ಇಬ್ಬರ ತಂದೆಯರೂ ಅಲ್ಲೇ. 25ರಲ್ಲಿ ಐದು, ಅಂದರೆ ರಾಜನನ್ನು ಕಟ್ಟಿಹಾಕಿದವರಲ್ಲಿ ಐದನೆಯ ಒಂದು ಪಾಲು ಮಾರ್ಷಲ್‌ನ ಮಗ, ಅಳಿಯಂದಿರು ಮತ್ತು ಬೀಗರು. ಮಾರ್ಷಲ್ ಸ್ವತಃ ಎಲ್ಲಿದ್ದ? ರಾಜನ ಪಕ್ಷದಲ್ಲಿ! ಯಾವ ಪಕ್ಷ ಗೆದ್ದರೂ ಮನೆಗೆ ನಷ್ಟವಿಲ್ಲ.

ಮರುವರ್ಷ ಜಾನ್ ಸತ್ತ. ಹೊಸ ರಾಜ ಮೂರನೆಯ ಹೆನ್ರಿಗೆ 9 ವರ್ಷ. ಅವನ ಪರವಾಗಿ ರಾಜ್ಯ ನಡೆಸಲು ಒಪ್ಪಿದ ಮಾರ್ಷಲ್ ಎಪ್ಪತ್ತರ ಹತ್ತಿರ. 1217ರ ಮೇ 20ರಂದು ಬಾಲರಾಜನ ವಿರೋಧಿಗಳೊಂದಿಗೆ ನಡೆದ ಲಿಂಕನ್ ಪಟ್ಟಣದ ಕಾಳಗದಲ್ಲಿ ಈ ಮುದುಕ ಕುದುರೆಯೇರಿ ಮುಂದಿನ ಸಾಲಿನಲ್ಲಿ ನುಗ್ಗಿದ. ಅವನ ಕಡೆ 406 ನೈಟ್‌ಗಳು, 317 ಬಿಲ್ಲುಗಾರರು. ಎದುರಿಗೆ 611 ನೈಟ್‌ಗಳು. ಗೆದ್ದದ್ದು ಚಿಕ್ಕ ಪಡೆ.

ಈ ಅಂಕಿಗಳು ನಮಗೆ ಸಿಕ್ಕಿರುವುದು ಅವನು ಸತ್ತ ಮೇಲೆ ಹಿರಿಮಗ ಬರೆಸಿದ ಒಂದು ಫ್ರೆಂಚ್ ಪದ್ಯಚರಿತ್ರೆಯಿಂದ. ಅದರ ಉದ್ದ 19,214 ಸಾಲು. ನಿಮಿಷಕ್ಕೆ 15 ಸಾಲಿನಂತೆ ಗಟ್ಟಿಯಾಗಿ ಓದಿದರೆ 21 ಗಂಟೆ. ಉಳಿದಿರುವುದು ಒಂದೇ ಹಸ್ತಪ್ರತಿ. 1861ರ ಹರಾಜಿನಲ್ಲಿ ಪಾಲ್ ಮೇಯರ್ ಎಂಬ ಫ್ರೆಂಚ್ ವಿದ್ವಾಂಸ ಅದನ್ನು ಕೆಲವೇ ನಿಮಿಷ ಕಣ್ಣಾಡಿಸಿದ; ಮತ್ತೆ ಹುಡುಕಿ ಹಿಡಿಯುವುದಕ್ಕೆ ಹಿಡಿದದ್ದು 20 ವರ್ಷ.

ಐದು ಗಂಡುಮಕ್ಕಳಿದ್ದ ಮನೆಗೆ ವಾರಸುದಾರರ ಚಿಂತೆ ಏಕೆ ಎನ್ನುತ್ತೀರಿ. ಇಲ್ಲಿಂದ ಮುಂದಿನ ಲೆಕ್ಕ ನಂಬುವುದೇ ಕಷ್ಟ. 1219ರಲ್ಲಿ ತಂದೆ ತೀರಿಕೊಂಡ ಮೇಲೆ ವಿಲಿಯಂ ಅರ್ಲ್ ಆದ, 1231ರಲ್ಲಿ ಸತ್ತ. ರಿಚರ್ಡ್ ಅರ್ಲ್ ಆದ; 1234ರಲ್ಲಿ ಐರ್ಲೆಂಡಿನಲ್ಲಿ ಗಾಯಗೊಂಡು ಸತ್ತ. ಗಿಲ್ಬರ್ಟ್ 1241ರಲ್ಲಿ ಸತ್ತ, ಅದೂ ತಂದೆಯ ಅದೃಷ್ಟ ಖುಲಾಯಿಸಿದ ಟೂರ್ನಮೆಂಟಿನಲ್ಲೇ. ವಾಲ್ಟರ್ 1245ರ ನವೆಂಬರಿನಲ್ಲಿ. ಕೊನೆಯವನು ಆನ್ಸೆಲ್ಮ್ ಅದರ ಮರುತಿಂಗಳೇ. ಐವರು ಅಣ್ಣತಮ್ಮಂದಿರು, ಐವರೂ ಸರದಿಯಲ್ಲಿ ಅರ್ಲ್‌ಗಳು, ಒಟ್ಟು ಆರು ಮದುವೆಗಳು. ಹೆಂಡತಿಯರಲ್ಲಿ ಒಬ್ಬಳು ಇಂಗ್ಲೆಂಡಿನ ರಾಜನ ತಂಗಿ, ಇನ್ನೊಬ್ಬಳು ಸ್ಕಾಟ್‌ಲೆಂಡಿನ ರಾಜಕುಮಾರಿ. ವಾರಸುದಾರರಾಗಬಲ್ಲ ಮಕ್ಕಳ ಸಂಖ್ಯೆ? ಸೊನ್ನೆ. ಐರ್ಲೆಂಡಿನ ಫರ್ನ್ಸ್‌ನ ಬಿಷಪ್, ತನ್ನ ಎರಡು ಹಳ್ಳಿಗಳನ್ನು ಮಾರ್ಷಲ್ ಕಿತ್ತುಕೊಂಡನೆಂದು ಹಾಕಿದ ಶಾಪವೇ ಫಲಿಸಿತು ಎಂದು ಜನ ನಂಬಿದರು. ನಂಬದೆ ಇನ್ನೇನು ಮಾಡಿಯಾರು! ಬದುಕೆಲ್ಲ ಸವೆಸಿ ಕೂಡಿಸಿದ ಆಸ್ತಿ ಗಂಡುಮಕ್ಕಳ ಕೈಯಲ್ಲಿ ನಿಂತದ್ದು 26 ವರ್ಷ.

ಆಸ್ತಿ ಐವರು ಹೆಣ್ಣುಮಕ್ಕಳ ಕಡೆಗೆ ಹೊರಳಿತು. ಮಾಡ್, ಇಸಾಬೆಲ್, ಸಿಬಿಲ್, ಈವಾ, ಜೋನ್: ಐದು ಸಮಪಾಲು. ಸಿಬಿಲ್ ಆಗಲೇ ತೀರಿಕೊಂಡಿದ್ದಳು, ಅವಳಿಗಿದ್ದದ್ದು ಏಳು ಹೆಣ್ಣುಮಕ್ಕಳು. ಹಾಗಾಗಿ ಐದನೆಯ ಒಂದು ಪಾಲು ಮತ್ತೆ ಏಳು ಹೋಳಾಗಿ, ಒಬ್ಬೊಬ್ಬಳಿಗೂ ಒಟ್ಟು ಆಸ್ತಿಯ 35ನೆಯ ಒಂದು ಪಾಲು. ಚೂರುಚೂರಾಯಿತು ಎಂದು ಮರುಗಬೇಡಿ. ಹಂಚಿಕೆ ನಡೆದದ್ದು ಆದಾಯದ ಲೆಕ್ಕದಲ್ಲಿ. ನಮ್ಮ ಅಂದಾಜಿಗೆಂದು ಲೆನ್‌ಸ್ಟರಿನ ವಿಸ್ತೀರ್ಣವನ್ನೇ 35ರಿಂದ ಭಾಗಿಸಿದರೆ ಬರುವುದು 250 ಚದರ ಕಿಲೋಮೀಟರ್. ಒಬ್ಬ ಮೊಮ್ಮಗಳ ಚೂರು ಪಾಲೇ 61 ಸಾವಿರ ಎಕರೆ!

ನೆಲ ಹಂಚಿಹೋಯಿತು, ರಕ್ತ ಹಬ್ಬಿತು. ಮಗಳು ಇಸಾಬೆಲ್‌ಳ ಮರಿಮಗನೇ ರಾಬರ್ಟ್ ಬ್ರೂಸ್. ಅಷ್ಟು ಹತ್ತಿರದ ನಂಟು. ಸ್ಕಾಟ್‌ಲೆಂಡನ್ನು ಸ್ವತಂತ್ರಗೊಳಿಸಿದ ರಾಜ ಅವನು. ಇಂಗ್ಲೆಂಡಿನ ಸಿಂಹಾಸನಕ್ಕೆ ಈ ರಕ್ತ ಮತ್ತೆ ಮತ್ತೆ ಸೇರಿತು: ಹಿರಿಯ ಮಗಳು ಮಾಡ್‌ಳ ಸಂತತಿಯಲ್ಲಿ ನಾಲ್ಕನೆಯ ಹೆನ್ರಿ, ಈವಾಳ ಸಂತತಿಯಲ್ಲಿ ಐದನೆಯ ಹೆನ್ರಿ ಮತ್ತು ನಾಲ್ಕನೆಯ ಎಡ್ವರ್ಡ್.

ಕೊನೆಯದಾಗಿ ಒಂದು ಗುಣಾಕಾರ. 1219ರಿಂದ ಇಂದಿಗೆ 800 ವರ್ಷ, ಮೂವತ್ತು ವರ್ಷಕ್ಕೊಂದು ತಲೆಮಾರಿನಂತೆ ಸುಮಾರು 27 ತಲೆಮಾರು. ಒಬ್ಬೊಬ್ಬರಿಗೂ ಬರೀ ಇಬ್ಬರು ಮಕ್ಕಳು ಎಂದುಕೊಂಡು ಎರಡನ್ನು ಎರಡರಿಂದ ಗುಣಿಸುತ್ತಾ 27 ಮೆಟ್ಟಿಲು ಹತ್ತಿದರೆ ಸಿಗುವುದು 13,42,17,728. ಹದಿಮೂರು ಕೋಟಿಗೂ ಮೇಲೆ, ಇಂದಿನ ಬ್ರಿಟನ್ನಿನ ಜನಸಂಖ್ಯೆಯ ಸರಿಸುಮಾರು ಎರಡರಷ್ಟು! ಸಂಬಂಧದೊಳಗೇ ಮದುವೆಗಳಾಗಿ ಒಬ್ಬನೇ ವ್ಯಕ್ತಿ ಹತ್ತಾರು ದಾರಿಯಲ್ಲಿ ಲೆಕ್ಕಕ್ಕೆ ಬರುವುದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ಕಡಿಮೆಯೇ. ಎಷ್ಟೇ ಕಡಿಮೆ ಮಾಡಿಕೊಂಡರೂ ಆ ಪಟ್ಟಿಯಿಂದ ಒಂದು ಹೆಸರನ್ನಂತೂ ತೆಗೆಯಲಾಗದು: ಇಂದಿನ ಬ್ರಿಟನ್ನಿನ ರಾಜ ಮೂರನೆಯ ಚಾರ್ಲ್ಸ್.